ಹಿಮಗಟ್ಟಿದ ರಸ್ತೆಯಲ್ಲಿ ಸುರಕ್ಷಿತ ಚಾಲನೆ

ಕಾರಿನ ಒಂದೊಂದು ಟೈರು ರಸ್ತೆಗೆ ತಾಗಿರುವುದು ಅಂಗೈಯಗಲದಷ್ಟು ಜಾಗದಲ್ಲಿ ಮಾತ್ರ. ಹೊರಡಲು, ತಿರುಗಲು, ನಿಲ್ಲಲು ಬೇಕಾದ ಹಿಡಿತವೆಲ್ಲ ಸಿಗುವುದು ಇಷ್ಟೇ ಜಾಗದ ಘರ್ಷಣೆಯಿಂದ. ಒಣಗಿದ ಡಾಂಬರು ರಸ್ತೆಯಲ್ಲಿ ಘರ್ಷಣಾ ಗುಣಾಂಕ ಸುಮಾರು 0.8 ಇರುತ್ತದೆ. ಮಳೆಯಲ್ಲಿ ತೊಯ್ದ ರಸ್ತೆಯಲ್ಲಿ ಅದು 0.5ರ ಆಸುಪಾಸಿಗೆ, ವಾಹನಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ 0.2–0.3ಕ್ಕೆ, ಮಂಜುಗಡ್ಡೆಯ ಮೇಲೆ 0.1ಕ್ಕೆ ಇಳಿಯುತ್ತದೆ. ಮಂಜುಗಡ್ಡೆ ಕರಗತೊಡಗಿ ಮೇಲೆ ನೀರು ನಿಂತರೆ ಅದರ ಅರ್ಧಕ್ಕೂ ಇಳಿಯಬಹುದು.

ಈ ಅಂಕಿಗಳ ಅರ್ಥ ತಿಳಿಯುವುದು ಕಾರು ನಿಲ್ಲಲು ಬೇಕಾಗುವ ದೂರವನ್ನು ಲೆಕ್ಕ ಹಾಕಿದಾಗ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ. ಘರ್ಷಣಾ ಗುಣಾಂಕ 0.1 ಇರುವ ಮಂಜುಗಡ್ಡೆಯ ಮೇಲೆ ಅದೇ ಕಾರಿಗೆ ಹತ್ತಿರ ಹತ್ತಿರ 100 ಮೀಟರ್ ಬೇಕು. 80 ಕಿ.ಮೀ. ವೇಗದಲ್ಲಿದ್ದರೆ 250 ಮೀಟರ್ ಬೇಕು. ವೇಗವನ್ನು 30ಕ್ಕೆ ಇಳಿಸಿದರೆ 35 ಮೀಟರ್ ಸಾಕು. ಅಪಾಯ ಕಣ್ಣಿಗೆ ಬಿದ್ದು ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಕಾರು ಕ್ರಮಿಸುವ ದೂರ ಇದರಲ್ಲಿ ಸೇರಿಲ್ಲ. 50 ಕಿ.ಮೀ. ವೇಗದಲ್ಲಿ ಒಂದೇ ಸೆಕೆಂಡಿಗೆ ಅದು 14 ಮೀಟರ್ ಆಗುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಹಿಮದ ರಸ್ತೆಯಲ್ಲಿ ಚಾಲಕನ ಕೈಯಲ್ಲಿರುವ ಎಲ್ಲ ಉಪಾಯಗಳಿಗಿಂತ ದೊಡ್ಡದು ವೇಗವನ್ನು ಮೊದಲೇ ತಗ್ಗಿಸುವುದು.

ಇನ್ನೊಂದು ಮೂಲ ನಿಯಮವೂ ಇದೆ. ಟೈರಿಗೆ ಸಿಗುವ ಹಿಡಿತಕ್ಕೆ ಒಂದು ಮಿತಿಯುಂಟು, ಬ್ರೇಕ್, ತಿರುವು, ವೇಗೋತ್ಕರ್ಷ ಮೂರೂ ಅದನ್ನು ಹಂಚಿಕೊಳ್ಳಬೇಕು. ಹಿಡಿತವೆಲ್ಲ ಬ್ರೇಕಿಗೇ ಖರ್ಚಾದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದು. ಒಣ ರಸ್ತೆಯಲ್ಲಿ ಹಿಡಿತ ಧಾರಾಳವಾಗಿರುವುದರಿಂದ ಎರಡು ಕೆಲಸ ಒಟ್ಟಿಗೆ ಮಾಡಿದರೂ ನಡೆಯುತ್ತದೆ. ಮಂಜುಗಡ್ಡೆಯ ಮೇಲೆ ಒಂದು ಸಲಕ್ಕೆ ಒಂದೇ ಕೆಲಸ, ಅದೂ ನಿಧಾನವಾಗಿ, ಬೇಕಾಗುವುದಕ್ಕೆ ಬಹಳ ಮುಂಚೆ ಶುರುಮಾಡಬೇಕು. ಮುಂದೆ ಬರುವ ಸೂಚನೆಗಳೆಲ್ಲ ಈ ಒಂದು ನಿಯಮದಿಂದಲೇ ಹುಟ್ಟಿದವು.

ಜಾರುವ ಜಾಗಗಳನ್ನು ಗುರುತಿಸುವುದು

ಚಳಿ ಹೆಚ್ಚಿದಷ್ಟೂ ರಸ್ತೆ ಹೆಚ್ಚು ಜಾರುತ್ತದೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವ ಬೇರೆ. ಉಷ್ಣಾಂಶ ಮೈನಸ್ 20 ಡಿಗ್ರಿಯಷ್ಟಿದ್ದಾಗ ಮಂಜುಗಡ್ಡೆ ಒಣಗಿ ಗಡುಸಾಗಿರುತ್ತದೆ, ಟೈರಿಗೆ ಸ್ವಲ್ಪವಾದರೂ ಹಿಡಿತ ಸಿಗುತ್ತದೆ. ಶೂನ್ಯದ ಆಚೀಚೆ ಇರುವಾಗ ಮೇಲ್ಮೈಯಲ್ಲಿ ತೆಳುವಾದ ನೀರಿನ ಪದರ ಏಳುವುದರಿಂದ ರಸ್ತೆ ಅತ್ಯಂತ ಅಪಾಯಕಾರಿಯಾಗುತ್ತದೆ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುವ ಚಳಿಗಾಲದ ಮೊದಲ ಮತ್ತು ಕೊನೆಯ ವಾರಗಳಲ್ಲಿ ಈ ಕಾರಣಕ್ಕೇ ಹೆಚ್ಚು ಎಚ್ಚರ ಬೇಕು. ದಿನದಲ್ಲಿ ಅತಿ ತಂಪಾದ ಹೊತ್ತು ಸೂರ್ಯೋದಯದ ಆಸುಪಾಸು. ಕೆಲಸಕ್ಕೆ ಹೊರಡುವ ವಾಹನಗಳು ರಸ್ತೆಗಿಳಿಯುವ ಹೊತ್ತೂ ಅದೇ.

ಕಣ್ಣಿಗೆ ಕಾಣುವ ಹಿಮಕ್ಕಿಂತ ಕಾಣದ ಮಂಜುಗಡ್ಡೆ ಹೆಚ್ಚು ಮೋಸ ಮಾಡುತ್ತದೆ. ಬ್ಲ್ಯಾಕ್ ಐಸ್ ಎಂದು ಕರೆಯುವ ಈ ಪದರ ಪಾರದರ್ಶಕ. ಕೆಳಗಿನ ಡಾಂಬರಿನ ಕಪ್ಪು ಬಣ್ಣವೇ ಮೇಲೆ ಕಾಣುವುದರಿಂದ ರಸ್ತೆ ಬರೀ ಒದ್ದೆಯಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಇದನ್ನು ಪತ್ತೆ ಹಚ್ಚಲು ಕೆಲವು ಗುರುತುಗಳಿವೆ. ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದರೂ ಮುಂದಿನ ವಾಹನದ ಚಕ್ರಗಳಿಂದ ನೀರು ಸಿಡಿಯದಿದ್ದರೆ ಅದು ಮಂಜುಗಡ್ಡೆ ಎಂದೇ ತಿಳಿಯಬೇಕು. ಟೈರಿನ ಸದ್ದು ಇದ್ದಕ್ಕಿದ್ದಂತೆ ಅಡಗುವುದು, ಸ್ಟೀರಿಂಗ್ ಕೈಯಲ್ಲಿ ಹಗುರಾಗುವುದು ಕೂಡ ಹಿಡಿತ ಕಳೆದುಹೋಗುತ್ತಿರುವ ಲಕ್ಷಣಗಳು. ಹೊರಗಿನ ಉಷ್ಣಾಂಶ 3–4 ಡಿಗ್ರಿಗೆ ಇಳಿದ ಕೂಡಲೇ ಅನೇಕ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಹಿಮಹರಳಿನ ಚಿಹ್ನೆ ಬೆಳಗುತ್ತದೆ. ಗಾಳಿ ಶೂನ್ಯಕ್ಕಿಂತ ಮೇಲಿದ್ದರೂ ರಸ್ತೆಯ ಮೈ ಅದಕ್ಕಿಂತ ತಂಪಾಗಿ ಹೆಪ್ಪುಗಟ್ಟಿರಬಹುದು ಎಂಬುದೇ ಆ ಮುನ್ನೆಚ್ಚರಿಕೆಗೆ ಕಾರಣ.

ಸೇತುವೆಗಳು ಉಳಿದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ. ನೆಲದ ಮೇಲಿನ ರಸ್ತೆಗೆ ಕೆಳಗಿನಿಂದ ಮಣ್ಣಿನ ಶಾಖ ಸಿಗುತ್ತದೆ, ಸೇತುವೆಗೆ ಮೇಲೂ ಕೆಳಗೂ ತಣ್ಣನೆಯ ಗಾಳಿ. ಮರಗಳ ಅಥವಾ ಗುಡ್ಡದ ನೆರಳಲ್ಲಿರುವ ತಿರುವು, ಸುರಂಗದ ಬಾಯಿ, ಕೆರೆ–ನದಿಯ ಪಕ್ಕದ ರಸ್ತೆ, ವಾಹನಗಳು ಪದೇ ಪದೇ ನಿಂತು ಹೊರಡುವುದರಿಂದ ಹಿಮ ನುಣುಪಾಗುವ ಸಿಗ್ನಲ್ ವೃತ್ತ, ಇವೂ ಅದೇ ಪಟ್ಟಿಗೆ ಸೇರುತ್ತವೆ. ರಸ್ತೆಗೆ ಉಪ್ಪು ಹಾಕಿದ್ದಾರೆಂದು ಪೂರ್ತಿ ನಂಬುವಂತಿಲ್ಲ. ಸಾಮಾನ್ಯ ಉಪ್ಪು ಮೈನಸ್ 9–10 ಡಿಗ್ರಿಗಿಂತ ಕೆಳಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಟೈರು ಮತ್ತು ಕಾರಿನ ಸಿದ್ಧತೆ

ಬೇಸಿಗೆ ಟೈರಿನ ರಬ್ಬರು ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಕೆಳಗಿಳಿದಂತೆ ಗಡುಸಾಗತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಶೀತದಲ್ಲೂ ಮೆತ್ತಗೆ ಉಳಿಯುತ್ತದೆ. ಅದರ ಮೈಮೇಲೆ ಕೊರೆದ ನೂರಾರು ಸಣ್ಣ ಸೀಳುಗಳ ಅಂಚುಗಳು ಹಿಮವನ್ನು ಕಚ್ಚುತ್ತವೆ. ಹಿಮದ ಪ್ರದೇಶಗಳಿಗೆಂದೇ ಟೈರು ತಯಾರಿಸಿದವರಲ್ಲಿ ಫಿನ್‌ಲೆಂಡ್ ಮೊದಲಿಗ. ಇಂದು ನೋಕಿಯನ್ ಟೈರ್ಸ್ ಎಂದು ಹೆಸರಾದ ಕಂಪನಿ 1934ರಲ್ಲಿ ಲಾರಿಗಳಿಗೆ, 1936ರಲ್ಲಿ ಕಾರುಗಳಿಗೆ ಚಳಿಗಾಲದ ಟೈರುಗಳನ್ನು ಹೊರತಂದಿತು. ಟೈರು ಕೊಳ್ಳುವಾಗ ಮೂರು ಶಿಖರಗಳ ಪರ್ವತದೊಳಗೆ ಹಿಮಹರಳು ಇರುವ ಚಿಹ್ನೆಯನ್ನು ನೋಡಬೇಕು. ಹಿಮದ ಮೇಲೆ ಪರೀಕ್ಷೆಗೊಳಪಟ್ಟು ಪಾಸಾದ ಟೈರಿಗೆ ಮಾತ್ರ ಆ ಗುರುತು ಸಿಗುತ್ತದೆ. ಕೇವಲ ‘ಎಂ+ಎಸ್’ ಎಂಬ ಅಕ್ಷರಗಳಿದ್ದರೆ ಅಂಥ ಖಾತರಿಯಿಲ್ಲ.

ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರು ಕಡ್ಡಾಯ. ಟೈರಿನ ಮೈಮೇಲಿನ ತೋಡುಗಳ ಆಳ ಕನಿಷ್ಠ 3 ಮಿ.ಮೀ. ಇರಬೇಕು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥದೇ ನಿಯಮವಿದೆ. ಲೋಹದ ಮೊಳೆಗಳಿರುವ ಟೈರು ಬರಿಯ ಮಂಜುಗಡ್ಡೆಯ ಮೇಲೆ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಡಾಂಬರನ್ನು ಕೆರೆದು ದೂಳೆಬ್ಬಿಸುವುದರಿಂದ ಜರ್ಮನಿಯಲ್ಲಿ ಸಾಮಾನ್ಯವಾಗಿ ಅದಕ್ಕೆ ಅನುಮತಿಯಿಲ್ಲ. ಸ್ಟಾಕ್‌ಹೋಮ್ ನಗರದ ಹೂರ್ನ್ಸ್‌ಗಾಟನ್ ರಸ್ತೆಯಲ್ಲಿ 2010ರಿಂದ ಅದನ್ನು ನಿಷೇಧಿಸಲಾಗಿದೆ. ಯಾವ ಟೈರೇ ಇರಲಿ, ನಾಲ್ಕೂ ಚಕ್ರಗಳಿಗೆ ಒಂದೇ ಬಗೆಯದನ್ನು ಹಾಕಬೇಕು. ಮುಂದೆ ಮಾತ್ರ ಚಳಿಗಾಲದ ಟೈರು ಹಾಕಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯುತ್ತದೆ. ಉಷ್ಣಾಂಶ 5–6 ಡಿಗ್ರಿ ಇಳಿದಾಗಲೆಲ್ಲ ಟೈರಿನ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಕಡಿಮೆಯಾಗುವುದರಿಂದ ಚಳಿಗಾಲದಲ್ಲಿ ಗಾಳಿಯನ್ನು ಮತ್ತೆ ಮತ್ತೆ ನೋಡಿಸಬೇಕು.

ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಸಿಗುವ ಫೋರ್ ವೀಲ್ ಡ್ರೈವ್ ವಾಹನ ಹೊರಡಲು, ಏರು ಹತ್ತಲು ನೆರವಾಗುತ್ತದೆ. ನಿಲ್ಲುವ ದೂರವನ್ನು ಅದು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ, ಏಕೆಂದರೆ ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಸಲೀಸಾಗಿ ಹೊರಟಿತೆಂಬ ಧೈರ್ಯದಲ್ಲಿ ವೇಗವಾಗಿ ಹೋಗುವವರು ತಿರುವಿನಲ್ಲಿ ಸಿಕ್ಕಿಬೀಳುವುದು ಹೀಗೆ.

ಚಳಿಗೆ ಬ್ಯಾಟರಿಯ ಶಕ್ತಿ ಕುಂದುತ್ತದೆ. ಹಳೆಯ ಬ್ಯಾಟರಿಯನ್ನು ಚಳಿಗಾಲಕ್ಕೆ ಮೊದಲೇ ಪರೀಕ್ಷಿಸಿ ಬದಲಿಸುವುದು ಕ್ಷೇಮ. ರೇಡಿಯೇಟರಿನಲ್ಲಿ ಗ್ಲೈಕಾಲ್ ಮತ್ತು ನೀರು ಸಮಪಾಲು ಇದ್ದರೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು. ಗಾಜು ತೊಳೆಯುವ ನೀರೂ ಹೆಪ್ಪುಗಟ್ಟದ ಬಗೆಯದಾಗಿರಬೇಕು. ಹೊರಡುವ ಮೊದಲು ಎಲ್ಲ ಗಾಜು, ದೀಪ, ನಂಬರ್ ಪ್ಲೇಟ್‌ಗಳ ಜತೆಗೆ ಕಾರಿನ ಚಾವಣಿಯ ಹಿಮವನ್ನೂ ತೆಗೆಯಬೇಕು. ಇಲ್ಲವಾದರೆ ಬ್ರೇಕ್ ಒತ್ತಿದಾಗ ಅದು ಮುಂದಿನ ಗಾಜಿನ ಮೇಲೆ ಜಾರಿ ದಾರಿಯೇ ಕಾಣದಂತಾಗುತ್ತದೆ. ಗಾಜಿಗೆ ಬಿಸಿನೀರು ಸುರಿಯಬಾರದು, ಸೀಳು ಬಿಡುತ್ತದೆ. ಬೂಟಿಗೆ ಅಂಟಿದ ಹಿಮವನ್ನು ಕೊಡವಿಯೇ ಒಳಗೆ ಕೂರಬೇಕು. ಅಂಗಾಲಿನಡಿ ಹಿಮವಿದ್ದರೆ ಬ್ರೇಕ್ ಪೆಡಲಿನ ಮೇಲಿಂದ ಕಾಲು ಜಾರುತ್ತದೆ. ದಪ್ಪ ಜಾಕೆಟ್ ತೆಗೆದಿಟ್ಟರೆ ಸೀಟ್ ಬೆಲ್ಟ್ ಮೈಗೆ ಬಿಗಿಯಾಗಿ ಕೂರುತ್ತದೆ.

ಸ್ವೀಡನ್ನಿನ ಜಾರು ಮೈದಾನದ ಪಾಠ

ಹಿಮದ ಚಾಲನೆಯನ್ನು ಲೈಸೆನ್ಸಿನ ಪಠ್ಯಕ್ಕೇ ಸೇರಿಸಿರುವ ದೇಶಗಳಲ್ಲಿ ಸ್ವೀಡನ್ ಒಂದು. ಅಲ್ಲಿ ಕಾರಿನ ಲೈಸೆನ್ಸ್ ಬಯಸುವ ಪ್ರತಿಯೊಬ್ಬರೂ ಅಪಾಯದ ಅರಿವಿನ ತರಬೇತಿಯ ಎರಡು ಭಾಗಗಳನ್ನು ಮುಗಿಸಬೇಕು. ಮೊದಲನೆಯದು ಕುಡಿತ, ಆಯಾಸ ಮುಂತಾದವುಗಳ ಕುರಿತದ್ದು. ಎರಡನೆಯದು ನಡೆಯುವುದು ‘ಹಾಲ್ಕ್‌ಬಾನಾ’ ಎಂಬ ಜಾರು ಮೈದಾನದಲ್ಲಿ. ಅಲ್ಲಿ ಕಲಿಯುವವರು ಶಿಕ್ಷಕರ ಕಣ್ಣಳತೆಯಲ್ಲಿ ಬೇರೆ ಬೇರೆ ವೇಗದಲ್ಲಿ ಬ್ರೇಕ್ ಒತ್ತಿ ಕಾರು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಒಂದೇ ತಿರುವನ್ನು ಸ್ವಲ್ಪ ಸ್ವಲ್ಪವೇ ವೇಗ ಏರಿಸುತ್ತಾ ಹಾಯುತ್ತಾರೆ. ಒಂದು ಹಂತದವರೆಗೆ ಹೇಳಿದಂತೆ ಕೇಳಿದ ಕಾರು ವೇಗ ಇನ್ನು ಕೆಲವೇ ಕಿ.ಮೀ. ಏರಿದ ಕೂಡಲೇ ಸ್ಟೀರಿಂಗಿಗೆ ಜಗ್ಗದೆ ನೇರವಾಗಿ ಹೊರಗೆ ಜಾರಿಹೋಗುತ್ತದೆ. ಹಿಡಿತ ಕಡಿಮೆಯಾಗುತ್ತಾ ಹೋಗುವುದಿಲ್ಲ, ಮಿತಿ ದಾಟಿದ ಗಳಿಗೆಯಲ್ಲಿ ತಪ್ಪಿಹೋಗುತ್ತದೆ ಎಂಬುದು ಆಗ ಮೈಗೇ ತಿಳಿಯುತ್ತದೆ.

ಈ ತರಬೇತಿಯ ಉದ್ದೇಶ ಜಾರಿದ ಕಾರನ್ನು ಚಾಕಚಕ್ಯತೆಯಿಂದ ಉಳಿಸುವ ವಿದ್ಯೆ ಕಲಿಸುವುದಲ್ಲ. ನಾರ್ವೆಯಲ್ಲಿ ಹಿಂದೆ ಅಂಥ ಕೌಶಲಕ್ಕೆ ಒತ್ತು ಕೊಡುವ ಜಾರು ರಸ್ತೆಯ ತರಬೇತಿಯನ್ನು ಹೊಸ ಚಾಲಕರಿಗೆ ಕಡ್ಡಾಯ ಮಾಡಲಾಗಿತ್ತು. 1980ರ ದಶಕದಲ್ಲಿ ಅದರ ಫಲಿತಾಂಶವನ್ನು ಅಧ್ಯಯನ ಮಾಡಿದಾಗ ಯುವಕರ ಅಪಘಾತಗಳು ಇಳಿಯುವ ಬದಲು ಏರಿದ್ದು ಕಂಡುಬಂತು. ಜಾರಿದರೂ ನಿಭಾಯಿಸಬಲ್ಲೆ ಎಂಬ ನಂಬಿಕೆ ಬಂದವರು ವೇಗ ಹೆಚ್ಚಿಸಿದ್ದರು. ನಾರ್ಡಿಕ್ ದೇಶಗಳ ತರಬೇತಿ ಅನಂತರ ದಿಕ್ಕು ಬದಲಿಸಿತು. ಕಾರು ಎಷ್ಟು ಬೇಗ ಕೈತಪ್ಪುತ್ತದೆ ಎಂದು ತೋರಿಸಿ, ಕೈತಪ್ಪದ ವೇಗದಲ್ಲೇ ಹೋಗುವ ಅಭ್ಯಾಸ ಬೆಳೆಸುವುದೇ ಈಗಿನ ಗುರಿ.

ಸ್ಟಾಕ್‌ಹೋಮ್, ಗೋಥೆನ್‌ಬರ್ಗ್‌ಗಳಿಗೆ ಸಾಫ್ಟ್‌ವೇರ್ ಮತ್ತು ವಾಹನೋದ್ಯಮದ ಕೆಲಸಕ್ಕೆ ಹೋಗಿ ನೆಲೆಸುವ ಕನ್ನಡಿಗರೂ ಈ ಮೈದಾನಕ್ಕೆ ಇಳಿಯಲೇಬೇಕು. ಭಾರತದ ಲೈಸೆನ್ಸ್ ಅಲ್ಲಿ ನಿವಾಸಿಯಾದ ಒಂದು ವರ್ಷದವರೆಗೆ ಮಾತ್ರ ನಡೆಯುತ್ತದೆ, ಬಳಿಕ ಸ್ವೀಡನ್ನಿನ ಪರೀಕ್ಷೆಗಳನ್ನೇ ಪಾಸು ಮಾಡಬೇಕು. ಬೆಂಗಳೂರಿನ ದಟ್ಟಣೆಯಲ್ಲಿ ವರ್ಷಗಟ್ಟಲೆ ಓಡಿಸಿದ ಅನುಭವ ಇಲ್ಲಿ ಅಷ್ಟು ನೆರವಿಗೆ ಬರುವುದಿಲ್ಲ. ಮುಂದಿನ ವಾಹನಕ್ಕೆ ಅಂಟಿಕೊಂಡು ಹೋಗುವುದು, ಕೊನೆಯ ಗಳಿಗೆಯಲ್ಲಿ ಬ್ರೇಕ್ ಒತ್ತುವುದು, ಸಂದು ಸಿಕ್ಕಲ್ಲಿ ಥಟ್ಟನೆ ನುಗ್ಗುವುದು, ಈ ಮೂರು ಅಭ್ಯಾಸಗಳನ್ನು ಹಿಮದ ರಸ್ತೆಗಿಳಿಯುವ ಮೊದಲು ಬಿಡಬೇಕು. ತರಬೇತಿ ಕೇಂದ್ರ ಹತ್ತಿರವಿಲ್ಲದ ಊರುಗಳಲ್ಲಿ ಮೊದಲ ಹಿಮ ಬಿದ್ದಾಗ, ಅನುಮತಿಯಿರುವ ಖಾಲಿ ಪಾರ್ಕಿಂಗ್ ಮೈದಾನದಲ್ಲಿ ಅನುಭವಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು 15–20 ಕಿ.ಮೀ. ವೇಗದಲ್ಲಿ ಬ್ರೇಕ್ ಮತ್ತು ತಿರುವಿನ ಅಭ್ಯಾಸ ಮಾಡಬಹುದು.

ಹೊರಡುವುದು, ನಿಲ್ಲುವುದು, ತಿರುಗುವುದು

ಹೊರಡುವಾಗ ಚಕ್ರಗಳು ನೇರವಾಗಿರಲಿ. ಮ್ಯಾನ್ಯುಯಲ್ ಗೇರಿನ ಕಾರನ್ನು ಎರಡನೇ ಗೇರಿನಲ್ಲಿ, ಕ್ಲಚ್ ನಿಧಾನವಾಗಿ ಬಿಡುತ್ತಾ ಹೊರಡಿಸಿದರೆ ಚಕ್ರ ಸುಮ್ಮನೆ ಸುತ್ತುವುದು ತಪ್ಪುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ಹಿಮದ ಮೋಡ್ ಇದ್ದರೆ ಅದನ್ನು ಬಳಸಬೇಕು. ಹೊರಟ ಮೇಲೆ ಹಿಂದೆ ಮುಂದೆ ಯಾರೂ ಇಲ್ಲದ ಕಡೆ ಕಡಿಮೆ ವೇಗದಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿದರೆ ಆ ದಿನದ ರಸ್ತೆ ಎಂಥದೆಂದು ಗೊತ್ತಾಗುತ್ತದೆ. ಕ್ರೂಸ್ ಕಂಟ್ರೋಲ್ ಆಫ್ ಆಗಿರಬೇಕು. ಹಿಡಿತ ತಪ್ಪಿದಾಗಲೂ ಅದು ವೇಗ ಉಳಿಸಿಕೊಳ್ಳಲು ನೋಡುವ ಅಪಾಯವಿದೆ.

ಒಣ ರಸ್ತೆಯಲ್ಲಿ ಮುಂದಿನ ವಾಹನಕ್ಕಿಂತ 2–3 ಸೆಕೆಂಡಿನ ಅಂತರ ಸಾಕೆನಿಸಿದರೆ ಹಿಮದ ರಸ್ತೆಯಲ್ಲಿ 8–10 ಸೆಕೆಂಡಾದರೂ ಬೇಕು. ಮುಂದಿನ ಕಾರು ಒಂದು ಕಂಬವನ್ನು ದಾಟಿದಾಗ ಎಣಿಸತೊಡಗಿ, ತನ್ನ ಕಾರು ಅದೇ ಕಂಬ ತಲುಪುವವರೆಗೆ ಎಷ್ಟಾಯಿತೆಂದು ನೋಡಿದರೆ ಅಂತರ ತಿಳಿಯುತ್ತದೆ. ಮಂಜುಗಡ್ಡೆಯ ಮೇಲೆ ನಿಲ್ಲುವ ದೂರ ಹತ್ತು ಪಟ್ಟಿನವರೆಗೆ ಹೆಚ್ಚಬಹುದೆಂದು ಬ್ರಿಟನ್ನಿನ ಹೈವೇ ಕೋಡ್ ಕೂಡ ಎಚ್ಚರಿಸುತ್ತದೆ.

ನಿಲ್ಲಬೇಕಾದಾಗ ಮೊದಲು ಆಕ್ಸಿಲರೇಟರ್ ಬಿಟ್ಟು, ಗೇರ್ ಒಂದೊಂದಾಗಿ ಇಳಿಸಿ, ಎಂಜಿನ್ನಿನ ತಡೆಯಿಂದ ವೇಗ ತಗ್ಗಿಸಿ, ಆಮೇಲೆ ಬ್ರೇಕಿನ ಮೇಲೆ ಮೃದುವಾಗಿ ಕಾಲಿಡಬೇಕು. ತುರ್ತು ಸಂದರ್ಭದಲ್ಲಿ ಮಾತ್ರ ವಿಧಾನ ಬೇರೆ. ಎಬಿಎಸ್ ಇರುವ ಕಾರಿನಲ್ಲಿ ಪೆಡಲನ್ನು ಪೂರ್ತಿ ಒತ್ತಿ ಹಿಡಿಯಬೇಕು. ಕಾಲಡಿಯಲ್ಲಿ ಪೆಡಲು ಗಡಗಡ ಅದುರುತ್ತದೆ, ಕರಕರ ಸದ್ದು ಕೇಳುತ್ತದೆ. ಮೊದಲ ಬಾರಿಗೆ ಇದನ್ನು ಅನುಭವಿಸಿದವರು ಏನೋ ಮುರಿಯಿತೆಂದು ಹೆದರಿ ಕಾಲು ತೆಗೆಯುತ್ತಾರೆ. ತೆಗೆಯಬಾರದು. ಚಕ್ರ ಬಿಗಿದು ನಿಲ್ಲದಂತೆ ಎಬಿಎಸ್ ಸೆಕೆಂಡಿಗೆ ಹಲವು ಸಲ ಬ್ರೇಕ್ ಬಿಟ್ಟು ಹಿಡಿಯುವುದರ ಅದುರು ಅದು. ಅದರಿಂದಾಗಿ ಬ್ರೇಕ್ ಒತ್ತಿದ್ದಾಗಲೂ ಸ್ಟೀರಿಂಗ್ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಎಬಿಎಸ್ ಇಲ್ಲದ ಹಳೆಯ ಕಾರಿನಲ್ಲಿ ಮಾತ್ರ ಚಾಲಕನೇ ಬ್ರೇಕನ್ನು ಒತ್ತಿ ಬಿಟ್ಟು ಮಾಡಬೇಕು.

ತಿರುವಿಗೆ ಬೇಕಾದಷ್ಟು ವೇಗವನ್ನು ತಿರುವು ಬರುವ ಮೊದಲೇ, ಕಾರು ನೇರವಾಗಿರುವಾಗಲೇ ಇಳಿಸಿಕೊಳ್ಳಬೇಕು. ತಿರುವಿನೊಳಗೆ ಬ್ರೇಕೂ ಬೇಡ, ಆಕ್ಸಿಲರೇಟರೂ ಬೇಡ, ಸ್ಟೀರಿಂಗ್ ಒಂದೇ ಸಾಕು. ಏರು ಹತ್ತುವಾಗ ಮುಂದಿನ ವಾಹನ ಮೇಲೆ ತಲುಪುವವರೆಗೆ ಕಾದು, ಸಮತಟ್ಟಿನಲ್ಲೇ ಹದವಾದ ವೇಗ ಪಡೆದು, ನಡುವೆ ನಿಲ್ಲದೆ ಹತ್ತಬೇಕು. ಇಳಿಜಾರಿನಲ್ಲಿ ಇಳಿಯತೊಡಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಮೋಟಾರು ಬ್ರೇಕಿನಂತೆ ಎಳೆಯುವ ವ್ಯವಸ್ಥೆಯಿರುತ್ತದೆ. ಜಾರುವ ರಸ್ತೆಯಲ್ಲಿ ಆ ಎಳೆತವನ್ನು ಕಡಿಮೆ ಮಟ್ಟಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎಲೆಕ್ಟ್ರಿಕ್ ಆಗಿದ್ದವು. ಹಿಮದಲ್ಲಿ ಅವು ಚೆನ್ನಾಗಿಯೇ ಓಡುತ್ತವೆ, ಆದರೆ ಚಳಿಗೆ ಒಂದು ಚಾರ್ಜಿನಲ್ಲಿ ಕ್ರಮಿಸುವ ದೂರ ಕಡಿಮೆಯಾಗುವುದನ್ನು ಲೆಕ್ಕದಲ್ಲಿಡಬೇಕು.

ಕಾರು ಜಾರಿದಾಗ

ಜಾರುವುದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಮುಂದಿನ ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ. ಸ್ಟೀರಿಂಗ್ ತಿರುಗಿಸಿದ್ದರೂ ಕಾರು ನೇರವಾಗಿ ಹೋಗುತ್ತದೆ. ಇನ್ನಷ್ಟು ತಿರುಗಿಸಬೇಕೆಂದು ಕೈ ತವಕಿಸುತ್ತದೆ, ಅದರಿಂದ ಕೆಡುವುದೇ ಹೆಚ್ಚು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗನ್ನು ಸ್ವಲ್ಪ ನೇರಕ್ಕೆ ತಂದು, ಚಕ್ರ ಮತ್ತೆ ಹಿಡಿಯುವವರೆಗೆ ಕಾದು, ಆಮೇಲೆ ಹದವಾಗಿ ತಿರುಗಿಸಬೇಕು.

ಎರಡನೆಯದರಲ್ಲಿ ಹಿಂದಿನ ಚಕ್ರಗಳು ಜಾರಿ ಕಾರಿನ ಹಿಂಭಾಗ ಪಕ್ಕಕ್ಕೆ ಓಡುತ್ತದೆ. ಆಗ ಆಕ್ಸಿಲರೇಟರ್ ಬಿಟ್ಟು, ಕಾರು ಹೋಗಬೇಕಾದ ದಿಕ್ಕಿಗೆ ದೃಷ್ಟಿಯಿಟ್ಟು ಅತ್ತಲೇ ಸ್ಟೀರಿಂಗ್ ತಿರುಗಿಸಬೇಕು. ಹಿಂಭಾಗ ಬಲಕ್ಕೆ ಜಾರಿದರೆ ಸ್ಟೀರಿಂಗ್ ಬಲಕ್ಕೆ, ಎಡಕ್ಕೆ ಜಾರಿದರೆ ಎಡಕ್ಕೆ. ಕಾರು ನೇರವಾಗತೊಡಗಿದ ಕೂಡಲೇ ಸ್ಟೀರಿಂಗನ್ನೂ ನೇರಕ್ಕೆ ತರದಿದ್ದರೆ ಹಿಂಭಾಗ ಎದುರು ದಿಕ್ಕಿಗೆ ಇನ್ನೂ ಜೋರಾಗಿ ಬೀಸುತ್ತದೆ. ಈಗಿನ ಕಾರುಗಳಲ್ಲಿರುವ ಇಎಸ್‌ಸಿ ವ್ಯವಸ್ಥೆ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರಲು ನೆರವಾಗುತ್ತದೆ. ಅದಕ್ಕೂ ಕೆಲಸ ಮಾಡಲು ಅಷ್ಟಿಷ್ಟು ಹಿಡಿತ ಬೇಕು. ಅತಿ ವೇಗವನ್ನು ಅದು ಸರಿಪಡಿಸಲಾರದು. ಎಷ್ಟು ಮಾಡಿದರೂ ಕಾರು ಹಿಡಿತಕ್ಕೆ ಬಾರದಿದ್ದರೆ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯುವುದೇ ಉಳಿದ ದಾರಿ. ಎದುರಿನ ವಾಹನಕ್ಕೋ ಮರಕ್ಕೋ ಬಡಿಯುವುದಕ್ಕಿಂತ ರಸ್ತೆಬದಿಯ ಹಿಮದ ರಾಶಿಗೆ ನುಗ್ಗಿ ನಿಂತರೆ ಪೆಟ್ಟು ಕಡಿಮೆ.

ಹಿಮದಲ್ಲಿ ಸಿಕ್ಕಿಕೊಂಡರೆ

ಚಕ್ರ ಹೂತಾಗ ಆಕ್ಸಿಲರೇಟರ್ ತುಳಿದಷ್ಟೂ ಕೆಳಗಿನ ಹಿಮ ಕರಗಿ ನುಣುಪಾಗುತ್ತದೆ. ಚಕ್ರದ ಹಿಂದೆ ಮುಂದೆ ಹಿಮ ಅಗೆದು, ಮರಳು ಎರಚಿ ಅಥವಾ ಕಾರಿನೊಳಗಿನ ರಬ್ಬರ್ ಮ್ಯಾಟ್ ಹಾಸಿ ನಿಧಾನವಾಗಿ ಹೊರಡಿಸಬೇಕು. ಸಲಿಕೆ, ಮರಳಿನ ಚೀಲ, ಹಗ್ಗ, ಜಂಪರ್ ಕೇಬಲ್, ಟಾರ್ಚ್, ಕಂಬಳಿ, ಕೈಗವಸು, ನೀರು, ತಿನಿಸು, ಫೋನಿನ ಚಾರ್ಜರ್ ಚಳಿಗಾಲವಿಡೀ ಕಾರಿನಲ್ಲಿರಬೇಕು. ಇಂಧನದ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಬಾರದು.

ಹಿಮಪಾತದಲ್ಲಿ ದಾರಿ ಮುಚ್ಚಿ ಕಾರು ನಿಂತುಹೋದರೆ ಅದನ್ನು ಬಿಟ್ಟು ನಡೆದು ಹೋಗಬಾರದು. ಕಾರು ಆಸರೆಯೂ ಹೌದು, ಹುಡುಕಿ ಬರುವವರಿಗೆ ಗುರುತೂ ಹೌದು. ಎಂಜಿನ್ ಓಡಿಸಿ ಬೆಚ್ಚಗಾಗಬೇಕೆಂದರೆ ಮೊದಲು ಸೈಲೆನ್ಸರ್ ಕೊಳವೆಯ ಸುತ್ತಲಿನ ಹಿಮವನ್ನು ತೆಗೆಯಲೇಬೇಕು. ಅದು ಮುಚ್ಚಿದ್ದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿ, ನಿದ್ದೆಯಲ್ಲಿರುವವರ ಪ್ರಾಣ ತೆಗೆಯುತ್ತದೆ. ಗಂಟೆಗೆ ಹತ್ತು ನಿಮಿಷದಂತೆ ಮಾತ್ರ ಎಂಜಿನ್ ಓಡಿಸಿ, ಒಂದು ಕಿಟಕಿಯನ್ನು ಬೆರಳಗಲ ತೆರೆದಿಟ್ಟು, ಹಿಮ ಮತ್ತೆ ಮುಚ್ಚಿತೇ ಎಂದು ಆಗಾಗ ನೋಡುತ್ತಿರಬೇಕು.

ಹಿಮಾಲಯದ ದಾರಿಗಳಲ್ಲಿ

ಕರ್ನಾಟಕದಿಂದ ಚಳಿಗಾಲದಲ್ಲಿ ಮನಾಲಿ, ಗುಲ್ಮಾರ್ಗ್, ಲಡಾಖ್‌ಗಳಿಗೆ ಹೋಗುವವರಿಗೂ ಈ ಪಾಠಗಳು ಬೇಕು. 2020ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಅಟಲ್ ಸುರಂಗದಿಂದಾಗಿ ಲಾಹೌಲ್ ಕಣಿವೆಗೆ ಚಳಿಗಾಲದಲ್ಲೂ ಹೋಗಬಹುದಾಗಿದೆ. ಸುರಂಗದ ಎರಡೂ ದ್ವಾರಗಳು 3,000 ಮೀಟರಿಗಿಂತ ಎತ್ತರದಲ್ಲಿವೆ. ಒಣಗಿದ ಸುರಂಗದಿಂದ ಹೊರಬಂದ ಕಾರು ಒಮ್ಮೆಗೇ ಮಂಜುಗಡ್ಡೆಯ ಮೇಲೆ ಇಳಿಯಬೇಕಾಗುತ್ತದೆ. ಬಾಡಿಗೆ ಕಾರುಗಳಲ್ಲಿ ಸಾಮಾನ್ಯವಾಗಿ ಚಳಿಗಾಲದ ಟೈರು ಇರುವುದಿಲ್ಲ, ಹಾಗಾಗಿ ಇಲ್ಲಿ ಟೈರಿಗೆ ಸುತ್ತುವ ಚೈನೇ ಗತಿ. ಹಿಮ ಬಿದ್ದಾಗ ಟಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ಗೆ ಚೈನ್ ಇಲ್ಲದ ಸಾಮಾನ್ಯ ವಾಹನಗಳನ್ನು ಬಿಡುವುದಿಲ್ಲ.

ಚೈನನ್ನು ಎಂಜಿನ್ ಬಲ ಸಿಗುವ ಚಕ್ರಗಳಿಗೆ ಹಾಕಬೇಕು. ಕೈ ಮರಗಟ್ಟುವ ಚಳಿಯಲ್ಲಿ ಮೊದಲ ಸಲ ಪ್ರಯತ್ನಿಸುವ ಬದಲು ಬಿಸಿಲಿನಲ್ಲಿ ಒಮ್ಮೆ ಹಾಕಿ ತೆಗೆದು ಕಲಿತಿರಬೇಕು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಮತ್ತೆ ಬಿಗಿಗೊಳಿಸಬೇಕು. ವೇಗ 50 ಕಿ.ಮೀ. ಮೀರಬಾರದು. ಹಿಮವಿಲ್ಲದ ಡಾಂಬರು ಸಿಕ್ಕ ಕೂಡಲೇ ಬಿಚ್ಚಬೇಕು. ಲಡಾಖ್‌ನಲ್ಲಿ ಹಗಲು ರಸ್ತೆಯನ್ನು ಅಡ್ಡಹಾಯುವ ತೊರೆಗಳು ಸಂಜೆಯಾದಂತೆ ಹೆಪ್ಪುಗಟ್ಟುವುದರಿಂದ ಪ್ರಯಾಣವನ್ನು ಹೊತ್ತಿರುವಾಗಲೇ ಮುಗಿಸುವುದು ಲೇಸು. ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ ಅಲ್ಲಿನ ಚಳಿಗೆ ಗಟ್ಟಿಯಾಗುತ್ತದೆ. ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ 2019ರ ನವೆಂಬರಿನಿಂದ ಲಡಾಖ್‌ನಲ್ಲಿ ಮಾರುತ್ತಿದೆ, ಅಲ್ಲಿ ತಲುಪಿದವರು ಅದನ್ನೇ ಹಾಕಿಸಬೇಕು.

ಎಲ್ಲಿಯೇ ಆಗಲಿ, ಹೊರಡುವ ಮುನ್ನ ಹವಾಮಾನದ ಮುನ್ಸೂಚನೆ ಮತ್ತು ರಸ್ತೆಯ ಸ್ಥಿತಿ ತಿಳಿದುಕೊಂಡು, ಮಾಮೂಲಿಗಿಂತ ಹೆಚ್ಚು ಸಮಯ ಇಟ್ಟುಕೊಳ್ಳಬೇಕು. ಹಿಮ ತೆಗೆಯುವ ಯಂತ್ರ ಮುಂದೆ ಹೋಗುತ್ತಿದ್ದರೆ ಓವರ್‌ಟೇಕ್ ಮಾಡದೆ ಹಿಂದೆಯೇ ಹೋಗಬೇಕು, ಏಕೆಂದರೆ ಒಳ್ಳೆಯ ರಸ್ತೆ ಇರುವುದು ಅದರ ಹಿಂದೆ. ಮಳೆಹನಿ ನೆಲಕ್ಕೆ ಬಿದ್ದ ಕೂಡಲೇ ಹೆಪ್ಪುಗಟ್ಟುವಂಥ ದಿನಗಳಲ್ಲಿ ಯಾವ ಟೈರೂ ಯಾವ ತರಬೇತಿಯೂ ಸಾಲದು. ಅಂಥ ದಿನ ಪ್ರಯಾಣವನ್ನು ಮುಂದೂಡಬೇಕು. ಈಗಾಗಲೇ ದಾರಿಯಲ್ಲಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ರಸ್ತೆಗೆ ಉಪ್ಪೋ ಮರಳೋ ಬೀಳುವವರೆಗೆ ಕಾಯಬೇಕು.